‘ಸುಮ್ನೆ ಕಣಣ್ಣ’ ಅಂದ ಹುಡುಗ

ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ, ಕುದಾಪುರದ ದಾರಿಯಲ್ಲಿ ಸಂಜೆ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸದೇನಲ್ಲ. ನಾಲ್ಕು ಜನ ಹುಡುಗರು. ಹೆಗಲಲ್ಲಿ ಶಾಲೆ ಚೀಲ. ವಯಸ್ಸು ಹದಿನೈದು ದಾಟಿದ್ದರೆ ಹೆಚ್ಚು. ಪೆಟ್ಟಿಗೆ ಅಂಗಡಿ ಮುಂದೆ ನಿಲ್ತಾರೆ. ಒಬ್ಬ ದುಡ್ಡು ಚಾಚ್ತಾನೆ. ಬಾಯಿಬಿಟ್ಟು ಏನೂ ಕೇಳೋದಿಲ್ಲ, ಕಣ್ಣಲ್ಲೇ ತೋರಿಸ್ತಾನೆ. ಅಂಗಡಿಯಾತನೂ ಮಾತಾಡೋದಿಲ್ಲ. ತೂಗುಬಿಟ್ಟ ಸರದಿಂದ ಎರಡು ಚೀಟಿ ಹರಿದು ಕೈಗಿಡ್ತಾನೆ. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಅಂಗೈ ಮೇಲೆ ಬೆರೆಸಿ ಬಾಯಿಗೆ ಒಗೆದುಕೊಂಡರೆ ಆಯ್ತು, ಸರ್ಕಾರ ನಿಷೇಧ ಮಾಡಿದ ಗುಟ್ಕಾ ಮತ್ತೆ ಹುಟ್ಟಿ ಬಂತು.

ಯಾವ ಸ್ಟಾಪು, ಯಾರ ಅಂಗಡಿ ಅಂತ ನಾವು ಬರೆಯೋದಿಲ್ಲ. ಬರೆದರೆ ಉಳಿದ ಅಂಗಡಿಯವರೆಲ್ಲ ‘ನಮ್ಮದಲ್ಲ ಬಿಡು’ ಅಂತ ನಿರುಮ್ಮಳವಾಗಿ ಪೇಪರು ಮಡಿಸಿಟ್ಟು ಬಿಡ್ತಾರೆ.

ಮೊನ್ನೆ ಆ ನಾಲ್ವರಲ್ಲಿ ಒಬ್ಬನ ಪಕ್ಕ ನಿಂತು ಕೇಳಿದೆವು: ‘ಯಾಕಪ್ಪಾ, ಏನ್ ಸಿಗುತ್ತೆ ಅದ್ರಲ್ಲಿ?’

ಹುಡುಗ ತಲೆ ತಗ್ಗಿಸಲಿಲ್ಲ, ಎದುರೂ ಆಡಲಿಲ್ಲ. ‘ಸುಮ್ನೆ ಕಣಣ್ಣ. ತಗಾಬೇಕು ಅನ್ನುಸ್ತು, ತಗಂಡೆ’ ಅಂದ. ಅಷ್ಟೊತ್ತಿಗೆ ಬಸ್ಸು ಬಂತು. ಬಸ್ಸು ಇನ್ನೂ ನಿಂತಿರಲಿಲ್ಲ, ಆತ ಬಾಗಿಲಿಗೆ ಜೋತು ಬಿದ್ದಾಗಿತ್ತು.

ಈ ‘ಸುಮ್ನೆ’ ಅನ್ನೋ ಒಂದು ಮಾತಿನ ಮೇಲೇ ಇವತ್ತಿನ ಬರಹ. ಯಾಕಂದ್ರೆ ಆ ಹುಡುಗ ಸುಳ್ಳು ಹೇಳಲಿಲ್ಲ. ಅನ್ನಿಸಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಅವನಿಗೆ ಜಾಗವೇ ಇರಲಿಲ್ಲ. ಗುಟ್ಕಾ ಹಾಕಿದ್ದೂ ಹಾಗೇ, ಓಡುವ ಬಸ್ಸಿಗೆ ಹಾರಿದ್ದೂ ಹಾಗೇ.

ಊರಿನ ತೀರ್ಪು

ಇಂಥ ಹುಡುಗರ ಬಗ್ಗೆ ಊರಿನ ಕಟ್ಟೆಯಲ್ಲಿ ತೀರ್ಪು ಯಾವಾಗಲೋ ಬರೆದಾಗಿದೆ. ‘ಕೆಟ್ಟ ಸಹವಾಸ’ ಅಂತಾರೆ ಒಬ್ಬರು. ‘ಅವರಪ್ಪನೂ ಹಂಗೇ ಇದ್ದ, ರಕ್ತದಲ್ಲೇ ಐತೆ’ ಅಂತಾರೆ ಇನ್ನೊಬ್ಬರು. ‘ನಾಲ್ಕು ಬಿಗಿದ್ರೆ ಸರಿ ಹೋಗ್ತಾನೆ’ ಅಂತ ಮೂರನೆಯವರು. ಶಾಲೆಯಲ್ಲಾದರೆ ಗೋಡೆಗೆ ಒಂದು ಪೋಸ್ಟರು, ವರ್ಷಕ್ಕೊಂದು ಭಾಷಣ, ಸಿಕ್ಕಿಬಿದ್ದವನಿಗೆ ಟಿ.ಸಿ. ಮುಗೀತು.

ಮೊದಲಿಗೆ ಒಂದು ಲೆಕ್ಕ ಸರಿಯಾಗಿ ಹೇಳಿಬಿಡೋಣ. ನಮ್ಮ ಎಲ್ಲ ಹುಡುಗರೂ ಹಾಳಾಗಿ ಹೋಗಿಲ್ಲ. 2019ರಲ್ಲಿ ದೇಶಾದ್ಯಂತ 13ರಿಂದ 15 ವರ್ಷದ ಶಾಲಾ ಮಕ್ಕಳ ತಂಬಾಕು ಸಮೀಕ್ಷೆ ನಡೆಯಿತು. ದೇಶದಲ್ಲಿ ನೂರಕ್ಕೆ ಎಂಟೂವರೆ ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು. ಕರ್ನಾಟಕದಲ್ಲಿ ನೂರಕ್ಕೆ ಒಂದೂ ಚಿಲ್ಲರೆ. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಹೆಮ್ಮೆಯ ವಿಷಯವೇ. ಆದರೆ ಅದು ಶಾಲೆಯ ಬೆಂಚಿನ ಮೇಲೆ ಕೂತಿದ್ದ ಮಕ್ಕಳ ಲೆಕ್ಕ. ಶಾಲೆ ಬಿಟ್ಟು ಗ್ಯಾರೇಜು ಸೇರಿದವನು, ಹೋಟೆಲಿನಲ್ಲಿ ಲೋಟ ತೊಳೆಯುವವನು, ಕುರಿ ಹಿಂದೆ ಹೋದವನು ಆ ಲೆಕ್ಕದಲ್ಲಿಲ್ಲ.

ಅದೇ 2019ರಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ಕೇಂದ್ರ ಸರ್ಕಾರಕ್ಕೆ ಇನ್ನೊಂದು ವರದಿ ಕೊಟ್ಟರು. ಹೆಂಡ, ಗಾಂಜಾ, ಮಾತ್ರೆ, ಎಲ್ಲದರ ಲೆಕ್ಕವೂ ಅದರಲ್ಲಿದೆ. ಎಲ್ಲದರಲ್ಲೂ ದೊಡ್ಡವರೇ ಮುಂದೆ. ಒಂದೇ ಒಂದರಲ್ಲಿ ಮಾತ್ರ ಮಕ್ಕಳು ದೊಡ್ಡವರನ್ನು ಮೀರಿಸಿದ್ದಾರೆ: ಮೂಸುವ ಚಟ. ಪಂಕ್ಚರ್ ಸಲ್ಯೂಷನ್ನು, ವೈಟ್ನರು, ತಿನ್ನರು ಇಂಥವು. ದೊಡ್ಡವರಲ್ಲಿ ನೂರಕ್ಕೆ ಅರ್ಧ ಚಿಲ್ಲರೆ, ಮಕ್ಕಳಲ್ಲಿ ನೂರಕ್ಕೆ 1.7. ಯಾಕೆ? ಬಾರಿಗೆ ಹೋಗಲು ಮೀಸೆ ಬೇಕು. ಸಲ್ಯೂಷನ್ನಿಗೆ ಬೇಡ. ಹಾರ್ಡ್‌ವೇರ್ ಅಂಗಡಿ, ಸೈಕಲ್ ಶಾಪಿನವರು ಈ ಸಾಲನ್ನು ಎರಡು ಸಲ ಓದಬೇಕು.

ಅಂದರೆ ವಿಷಯ ಇಷ್ಟು: ಹತ್ತು ಹುಡುಗರು ಒಂದೇ ಸ್ಟಾಪಿನಲ್ಲಿ ನಿಲ್ಲುತ್ತಾರೆ, ಒಂದೇ ಅಂಗಡಿ ನೋಡುತ್ತಾರೆ. ಒಂಬತ್ತು ಜನ ಚಿಕ್ಕಿ, ಕಡ್ಲೆಕಾಯಿ ಕೊಂಡು ಹೋಗ್ತಾರೆ. ಒಬ್ಬ ಸರಕ್ಕೆ ಕೈ ಹಾಕ್ತಾನೆ. ಆ ಒಬ್ಬ ಯಾರು? ಅವನೇ ಯಾಕೆ?

ಒಂದು ಚಟ, ನಾಲ್ಕು ಬಾಗಿಲು

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕಾನ್ರಾಡ್ ಮುಖ್ಯರು. ಅವರು ಹೇಳೋದನ್ನು ನಮ್ಮ ಮಾತಲ್ಲಿ ಹೇಳಿದರೆ, ಚಟಕ್ಕೆ ಬೀಳುವ ಮಕ್ಕಳು ಒಂದೇ ಜಾತಿಯವರಲ್ಲ. ನಾಲ್ಕು ಬಗೆಯ ಸ್ವಭಾವದ ಮಕ್ಕಳು ನಾಲ್ಕು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರ್ತಾರೆ.

ಮೊದಲನೆಯವನು ದುಡುಕಿನವನು. ಮೊದಲು ಮಾಡಿ ಆಮೇಲೆ ಯೋಚಿಸುವವನು. ನಮ್ಮ ‘ಸುಮ್ನೆ ಕಣಣ್ಣ’ ಹುಡುಗ ಈ ಪೈಕಿ. ಮೇಷ್ಟ್ರು ಪ್ರಶ್ನೆ ಮುಗಿಸೋದಕ್ಕೆ ಮುಂಚೆ ಉತ್ತರ ಕೂಗುವವನೂ ಇವನೇ, ಸಿಟ್ಟು ಬಂದರೆ ಕೈ ಮೊದಲು ಏಳುವುದೂ ಇವನದೇ.

ಎರಡನೆಯವನಿಗೆ ಥ್ರಿಲ್ಲಿನ ಹಸಿವು. ಇವನು ಯೋಚಿಸದೆ ಮಾಡೋದಿಲ್ಲ; ಯೋಚಿಸಿಯೇ, ಅಪಾಯ ಇದೆ ಅಂತಲೇ ಮಾಡ್ತಾನೆ. ಬೈಕಿನ ಮುಂದಿನ ಗಾಲಿ ಎತ್ತೋದು, ಆಳದ ಬಾವಿಗೆ ಮೇಲಿನಿಂದ ಧುಮುಕೋದು. ಸಪ್ಪೆ ದಿನ ಇವನಿಗೆ ಜೈಲು.

ಮೂರನೆಯವನು ಅಳುಕಿನವನು. ಎದೆ ಡವಡವ ಅಂದರೆ ಏನೋ ಆಗಿಹೋಯ್ತು ಅಂತ ಬೆವರುವವನು. ನಾಲ್ಕು ಜನರ ಮುಂದೆ ಬಾಯಿ ಬಾರದವನು. ಒಂದು ಗುಟುಕು ಹಾಕಿದರೆ ಆ ಅಳುಕು ಸ್ವಲ್ಪ ಹೊತ್ತು ಮಲಗುತ್ತೆ ಅಂತ ಕಂಡುಕೊಂಡ ದಿನ ಇವನ ಕತೆ ಶುರು.

ನಾಲ್ಕನೆಯವನು ಹತಾಶ. ‘ಓದಿದ್ರೆಷ್ಟು, ಬಿಟ್ರೆಷ್ಟು’ ಅನ್ನುವವನು. ಇವನು ಮಜಾಕ್ಕೆ ಕುಡಿಯೋದಿಲ್ಲ, ಮರೆಯೋದಕ್ಕೆ ಕುಡೀತಾನೆ. ಸದ್ದು ಮಾಡೋದಿಲ್ಲವಾದ್ದರಿಂದ ಇವನು ಯಾರ ಕಣ್ಣಿಗೂ ಬೀಳೋದಿಲ್ಲ. ಊರು ಬೈಯೋದು ಮೊದಲ ಇಬ್ಬರನ್ನ. ಕಳಕೊಳ್ಳೋದು ಬಹಳ ಸಲ ಈ ನಾಲ್ಕನೆಯವನನ್ನ.

ಈಗ ಹೇಳಿ ಸ್ವಾಮಿ, ಈ ನಾಲ್ವರಿಗೂ ಒಂದೇ ಪೋಸ್ಟರು ಸಾಕೇ? ‘ತಂಬಾಕು ಪ್ರಾಣಕ್ಕೆ ಅಪಾಯ’ ಅಂತ ಬರೆದದ್ದನ್ನು ಅಳುಕಿನವನು ಓದಿ ಇನ್ನಷ್ಟು ಬೆವರ್ತಾನೆ. ಥ್ರಿಲ್ಲಿನವನಿಗೆ ‘ಅಪಾಯ’ ಅನ್ನೋದೇ ಆಹ್ವಾನ ಪತ್ರಿಕೆ. ಹತಾಶನಿಗೆ ಪ್ರಾಣದ ಮೇಲೆ ಆಸೆಯೇ ಇಲ್ಲ. ದುಡುಕಿನವನು ಪೋಸ್ಟರು ಓದುವ ಹೊತ್ತಿಗೆ ಚೀಟಿ ಹರಿದಾಗಿರುತ್ತೆ.

ಎಕ್ಸಲೇಟರು ಬೇಗ, ಬ್ರೇಕು ತಡ

ಈ ವಯಸ್ಸಿನ ತಲೆಯೊಳಗೆ ಏನು ನಡೀತದೆ ಅನ್ನೋದನ್ನು ಬಸ್ಸಿನ ಭಾಷೆಯಲ್ಲೇ ಹೇಳಬಹುದು. ಆಸೆ, ಉತ್ಸಾಹ, ರೋಮಾಂಚನ ಎಬ್ಬಿಸುವ ಮಿದುಳಿನ ಭಾಗ ಹದಿಮೂರು ಹದಿನಾಲ್ಕಕ್ಕೇ ಜೋರಾಗಿ ಓಡಲು ಶುರುಮಾಡುತ್ತದೆ. ‘ನಿಲ್ಲು, ಯೋಚಿಸು’ ಅನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಮತ್ತೆ ನಾಲ್ಕೈದು ವರ್ಷ ಬೇಕು. ಎಕ್ಸಲೇಟರು ಬೇಗ ಬಂತು, ಬ್ರೇಕು ಇನ್ನೂ ಫಿಟ್ ಆಗಿಲ್ಲ. ಇದು ಹುಡುಗನ ಪೊಗರಲ್ಲ, ವಯಸ್ಸಿನ ಗುಣ.

ಅದರ ಮೇಲೆ ಗೆಳೆಯರ ಕಣ್ಣು. 2005ರಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬಿಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಒಂಟಿಯಾಗಿ ಆಡಿದಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚು ಕಡಿಮೆ ಒಂದೇ. ಗೆಳೆಯರನ್ನು ಪಕ್ಕ ನಿಲ್ಲಿಸಿದ್ದೇ ತಡ, ಹದಿಹರೆಯದವರು ಅಪಾಯಕ್ಕೆ ನುಗ್ಗೋದು ಏರಿತು. ದೊಡ್ಡವರು ಹಾಗೇ ಉಳಿದರು. ಅದಕ್ಕೇ ಮನೆಯಲ್ಲಿ ಸಾಧು ಪ್ರಾಣಿಯಾಗಿರುವ ಹುಡುಗ ಬಸ್ ಸ್ಟಾಪಿನಲ್ಲಿ ಹುಲಿ. ಅವ್ವ ‘ನನ್ನ ಮಗ ಅಂಥವನಲ್ಲ’ ಅನ್ನೋದೂ ನಿಜ, ಅಂಗಡಿಯವನು ‘ಅವನೇ ಲೀಡರು’ ಅನ್ನೋದೂ ನಿಜ.

ಬೇಗ ಶುರು ಮಾಡಿದವನು ಬೇಗ ಸಿಕ್ಕಿಬೀಳ್ತಾನೆ ಅನ್ನೋದಕ್ಕೂ ಲೆಕ್ಕ ಇದೆ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 14 ಅಥವಾ ಅದಕ್ಕೂ ಮುಂಚೆ ಕುಡಿತ ಶುರು ಮಾಡಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಮುಂದೆ ಕುಡಿತದ ದಾಸರಾದರು. 20 ದಾಟಿ ಶುರು ಮಾಡಿದವರಲ್ಲಿ ನೂರಕ್ಕೆ ಹತ್ತು. ಬೇಗ ಶುರು ಮಾಡಿದ್ದಕ್ಕೇ ಹಾಳಾದರೋ, ದುಡುಕಿನವರೇ ಬೇಗ ಶುರು ಮಾಡ್ತಾರೋ ಅಂತ ವಾದ ಇದೆ. ಎರಡೂ ಸೇರಿರಬಹುದು. ಆದರೆ ನಾಲ್ಕು ವರ್ಷ ತಡ ಮಾಡಿಸಿದರೆ ನಷ್ಟ ಏನೂ ಇಲ್ಲವಲ್ಲ!

ಕಾಯೋದನ್ನ ಯಾರು ಕಲಿಸಬೇಕು?

ತಾಳ್ಮೆಯ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗ ಇದೆ. 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಎಂಬಾತ ಸಣ್ಣ ಮಕ್ಕಳ ಮುಂದೆ ಮಿಠಾಯಿ ಇಟ್ಟು, ‘ಈಗಲೇ ತಿಂದರೆ ಒಂದು, ನಾನು ಬರೋವರೆಗೆ ಕಾದರೆ ಎರಡು’ ಅಂದ. ಕಾದ ಮಕ್ಕಳು ಮುಂದೆ ಉದ್ಧಾರವಾದರು ಅಂತ ಜಗತ್ತಿಡೀ ಸುದ್ದಿಯಾಯ್ತು. ಆದರೆ 2018ರಲ್ಲಿ ಇನ್ನೂ ಹೆಚ್ಚು ಮಕ್ಕಳ ಲೆಕ್ಕ ಹಿಡಿದು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತಗೊಂಡರೆ ಆ ತಾಳ್ಮೆಯ ಮಹಿಮೆ ಬಹುಪಾಲು ಕರಗಿಹೋಯಿತು.

ಅದಕ್ಕಿಂತ ಮನಸ್ಸಿಗೆ ನಾಟುವಂಥದ್ದು 2013ರಲ್ಲಿ ಪ್ರಕಟವಾದ, ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ. ಅಲ್ಲಿ ಮಿಠಾಯಿ ಇಡುವ ಮುಂಚೆ ಕೆಲವು ಮಕ್ಕಳಿಗೆ ‘ಒಳ್ಳೇ ಬಣ್ಣದ ಪೆನ್ಸಿಲು ತರ್ತೀನಿ’ ಅಂತ ಹೇಳಿ ತರಲಿಲ್ಲ. ಇನ್ನು ಕೆಲವರಿಗೆ ಹೇಳಿದಂತೆ ತಂದುಕೊಟ್ಟರು. ಮಾತು ತಪ್ಪಿಸಿಕೊಂಡ ಮಕ್ಕಳು ಮಿಠಾಯಿ ಮುಂದೆ ಬಹಳ ಹೊತ್ತು ಕಾಯಲಿಲ್ಲ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಹಲವು ಪಟ್ಟು ಹೆಚ್ಚು ಕಾದರು. ಅಂದರೆ ಕಾಯೋದು ಬರೀ ಸ್ವಭಾವವಲ್ಲ, ನಂಬಿಕೆ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಚಳ್ಳಕೆರೆಯೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ನಮ್ಮದೊಂದು. ಮಳೆ ಬರುತ್ತೆ ಅಂತ ಶೇಂಗಾ ಬಿತ್ತಿ, ಕಾದು, ಕಾದು, ಕೊನೆಗೆ ಒಣಗಿದ ಬಳ್ಳಿ ಕಿತ್ತು ದನಕ್ಕೆ ಹಾಕಿದ ಅಪ್ಪನನ್ನು ನೋಡಿ ಬೆಳೆದ ಹುಡುಗನಿಗೆ ‘ಇವತ್ತು ತಾಳು, ನಾಳೆ ಒಳ್ಳೇದಾಗುತ್ತೆ’ ಅಂದರೆ ಅವನು ಯಾವ ಧೈರ್ಯದ ಮೇಲೆ ನಂಬಬೇಕು? ನೀರು ಬರುತ್ತೆ ಅಂದರು, ಕೆಲಸ ಬರುತ್ತೆ ಅಂದರು, ಸ್ಕಾಲರ್‌ಶಿಪ್ಪು ಬರುತ್ತೆ ಅಂದರು. ಬರುತ್ತೆ ಅನ್ನೋದು ಬರದೇ ಹೋದಾಗೆಲ್ಲ, ಕೈಗೆ ಸಿಕ್ಕಿದ್ದನ್ನು ಈಗಲೇ ಬಾಯಿಗೆ ಹಾಕೋದು ಲೆಕ್ಕಾಚಾರವೇ ಆಗಿಬಿಡುತ್ತದೆ.

ಹುಡುಗರಿಗೆ ತಾಳ್ಮೆ ಇಲ್ಲ ಅಂತ ದೂರುವ ಮುಂಚೆ ನಾವು ಕೊಟ್ಟ ಮಾತುಗಳ ಲೆಕ್ಕ ಒಮ್ಮೆ ತೆಗೆಯೋಣ.

ರಕ್ತದಲ್ಲಿ ಇರೋದೆಷ್ಟು?

‘ಅಪ್ಪನೂ ಹಂಗೇ’ ಅನ್ನೋ ಮಾತನ್ನು ಪೂರ್ತಿ ತಳ್ಳಿಹಾಕೋದಕ್ಕೂ ಆಗೋದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯ ವಿವೇಕ್ ಬೆನಗಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಕುಡುಕ ತಂದೆಯರ ಗಂಡುಮಕ್ಕಳ ಮಿದುಳಿನ ಅಲೆಗಳನ್ನು ಅಳೆದು ನೋಡಿದರು. ಇನ್ನೂ ಒಂದು ಹನಿ ಮುಟ್ಟದ ಆ ಮಕ್ಕಳಲ್ಲೂ ವ್ಯತ್ಯಾಸ ಕಂಡಿತ್ತು. ಹುಟ್ಟಿನಿಂದ ಬರುವ ಪಾಲು ಇದೆ, ನಿಜ.

ಆದರೆ ಅದೇ ನಿಮ್ಹಾನ್ಸ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೊತೆ ಸೇರಿ ‘ಸಿ-ವೇದಾ’ ಅನ್ನೋ ದೊಡ್ಡ ಅಧ್ಯಯನ ಕೈಗೊಂಡಿತು. 6ರಿಂದ 23 ವರ್ಷದ ಸಾವಿರಾರು ಮಕ್ಕಳು, ಯುವಕ ಯುವತಿಯರು. ದೇಶದ ಏಳು ಕೇಂದ್ರ. ಅದರಲ್ಲಿ ನಮ್ಮ ಬೆಂಗಳೂರು, ಮೈಸೂರುಗಳಿವೆ. ಪಕ್ಕದ ಆಂಧ್ರದ ರಿಷಿ ವ್ಯಾಲಿಯೂ ಇದೆ. ದುಡುಕು, ಗೆಳೆಯರು, ಮನೆಯೊಳಗಿನ ಜಗಳ, ಬಡತನ, ಹೊಟ್ಟೆಗೆ ಸಾಲದ ಊಟ, ಸುತ್ತಲಿನ ವಿಷ, ಮಿದುಳಿನ ಚಿತ್ರ, ರಕ್ತ, ಎಲ್ಲವನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಅದು. ಇಷ್ಟೆಲ್ಲ ಯಾಕೆ ಅಳೀತಾರೆ? ರಕ್ತವೊಂದೇ ಕಾರಣವಾಗಿದ್ದರೆ ರಕ್ತವೊಂದನ್ನೇ ಪರೀಕ್ಷೆ ಮಾಡಿದರೆ ಸಾಕಿತ್ತು. ಸ್ವಭಾವ ಬೀಜ ಇದ್ದಂತೆ. ಬೀಜ ಅಪ್ಪನದಿರಬಹುದು, ಹೊಲ ಊರಿನದು.

ಈ ಮಾತಿಗೆ ಸಾಕ್ಷಿಯಾಗಿ ನಾನೇ ನಿಲ್ಲಬಲ್ಲೆ. ಪಿಯುಸಿ ಎರಡನೇ ವರ್ಷ, ಒಂದು ಮಧ್ಯಾಹ್ನ, ಒಂದು ಮಾತಿಗೆ ಸಿಟ್ಟು ಬಂದು ಪುಸ್ತಕ ಬೆಂಚಿನ ಮೇಲೇ ಬಿಟ್ಟು ಎದ್ದು ಬಂದವನು ನಾನು. ವಾಪಸು ಹೋಗಲಿಲ್ಲ. ಕಾಲೇಜಿನ ಹೆಸರು ಇಲ್ಲಿ ಬೇಡ, ತಪ್ಪು ಅವರದೂ ಅಲ್ಲ. ಮುಂದಿನ ಆರು ತಿಂಗಳು ಎಲ್ಲಿ ನಿಲ್ಲುತ್ತಿದ್ದೆ, ಬಾಯಲ್ಲಿ ಏನಿರುತ್ತಿತ್ತು ಅಂತ ಬರೆದರೆ ನಮ್ಮಮ್ಮ ಈಗಲೂ ಅಳ್ತಾಳೆ. ಪೇಪರ್ ಏಜೆಂಟ್ ಅಣ್ಣ ಒಬ್ಬರು ‘ಬೆಳಿಗ್ಗೆ ಐದಕ್ಕೆ ಬಂಡಲ್ ಇಳಿಸೋಕೆ ಬಾರಲೇ’ ಅಂದರು. ಬುದ್ಧಿ ಹೇಳಲಿಲ್ಲ. ಮೊದಲ ಶನಿವಾರ ಹೇಳಿದಷ್ಟು ದುಡ್ಡು ಹೇಳಿದ ಹೊತ್ತಿಗೆ ಕೈಗಿಟ್ಟರು. ಅದೇ ದುಡುಕು ಇವತ್ತು ಸುದ್ದಿ ಸಿಕ್ಕ ಕೂಡಲೇ ಬೈಕು ಹತ್ತಿಸುತ್ತೆ. ಸ್ವಭಾವ ಬದಲಾಗಲಿಲ್ಲ, ನಿಂತ ಜಾಗ ಬದಲಾಯ್ತು.

ದುಡುಕಿನ ಹುಡುಗನನ್ನು ಹೀಗಳೆಯುವವರಿಗೆ ಒಂದು ಮಾತು: ಬಾವಿಗೆ ಬಿದ್ದ ಮಗುವಿಗಾಗಿ ಯೋಚಿಸದೆ ಧುಮುಕುವವನೂ ಅವನೇ.

ಅಂಗಡಿಯವರೇ, ಇಲ್ಲಿ ಕೇಳಿ

ಈ ಪತ್ರಿಕೆಯನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟು ಓದುವವರಿಗೆ ನೇರ ಮಾತು. ‘ನಾನು ಮಾರದಿದ್ರೆ ಪಕ್ಕದವನು ಮಾರ್ತಾನೆ, ಹುಡುಗ ಹೆಂಗೂ ತಗಾತಾನೆ’ ಅಂತೀರಿ. ನಿಮ್ಮ ಲೆಕ್ಕ ಅರ್ಧ ತಪ್ಪು. ದುಡುಕು ಅಂದರೇನೇ ಕೈಗೆಟುಕಿದಾಗ ಏಳುವ ಆಸೆ. ಕಣ್ಣ ಮುಂದೆ ಸರ ತೂಗ್ತಿದ್ದರೆ ಕೈ ಹೋಗುತ್ತೆ. ಸರ ಇಲ್ಲದಿದ್ದರೆ, ಇನ್ನೂ ನೂರು ಮೀಟರು ನಡೀಬೇಕು ಅಂದರೆ, ಬಿಡಿ ಸಿಗರೇಟು ಸಿಗದೆ ಇಡೀ ಪ್ಯಾಕಿಗೆ ದುಡ್ಡು ಹೊಂದಿಸಬೇಕು ಅಂದರೆ, ಅಷ್ಟರಲ್ಲಿ ಬಸ್ಸು ಬಂದಿರುತ್ತೆ, ಆಸೆ ಸತ್ತಿರುತ್ತೆ. ಹಠ ಹಿಡಿದ ಚಟಗಾರನನ್ನು ಇದು ತಡೆಯೋದಿಲ್ಲ. ಶುರು ಮಾಡುವ ಹುಡುಗನನ್ನು ತಡೆಯುತ್ತೆ. ನಮಗೆ ಬೇಕಾದ್ದೂ ಅಷ್ಟೇ.

ಕಾನೂನು ಹೇಳೋದೂ ಇದನ್ನೇ. 2003ರ ಕೇಂದ್ರದ ತಂಬಾಕು ಕಾಯ್ದೆಗೆ ನಮ್ಮ ರಾಜ್ಯ 2024ರಲ್ಲಿ ತಿದ್ದುಪಡಿ ಮಾಡಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ತಂದಿದೆ. ಅದರಂತೆ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲಾ ಕಾಲೇಜಿನ ನೂರು ಮೀಟರ್ ಒಳಗೆ ಮಾರುವಂತಿಲ್ಲ. ಸಿಗರೇಟು ಬಿಡಿಯಾಗಿ ಮಾರುವಂತಿಲ್ಲ. ದಂಡ ಸಾವಿರ ರೂಪಾಯಿ. ‘ಸಾವಿರ ತಾನೇ’ ಅನ್ನುವವರು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮನ್ನೂ ಓದಿಕೊಳ್ಳಿ. 18 ತುಂಬದ ಮಗುವಿನ ಕೈಗೆ ಹೆಂಡವನ್ನಾಗಲಿ, ಮಾದಕ ಪದಾರ್ಥವನ್ನಾಗಲಿ, ತಂಬಾಕನ್ನಾಗಲಿ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಇದು ಕಾಗದದ ಮೇಲೆ ನಿದ್ದೆ ಮಾಡ್ತಿದೆ ನಿಜ. ಎದ್ದ ದಿನ ಯಾರ ಅಂಗಡಿ ಮುಂದೆ ಏಳುತ್ತೋ ಹೇಳೋಕಾಗಲ್ಲ.

ಗುಟ್ಕಾ ಕತೆ ಎಲ್ಲರಿಗೂ ಗೊತ್ತು. 2013ರ ಮೇ ಕೊನೆಗೆ ರಾಜ್ಯದಲ್ಲಿ ನಿಷೇಧ ಆಯ್ತು. ಕಂಪನಿಗಳು ಒಂದು ಚೀಟಿಯನ್ನು ಎರಡು ಮಾಡಿದವು. ಕಾನೂನು ಒಂದು ಬಾಗಿಲು ಮುಚ್ಚಿದರೆ ವ್ಯಾಪಾರ ಕಿಟಕಿ ತೆಗೀತು.

ಎಣ್ಣೆ ನಗರದ ಎಣ್ಣೆ

ಹೆಂಡದ ಕತೆಯೂ ಇದೇ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ಶೇಂಗಾದಿಂದ, ಎಣ್ಣೆ ಮಿಲ್ಲುಗಳಿಂದ. ಈಗ ಹುಡುಗರ ಬಾಯಲ್ಲಿ ‘ಎಣ್ಣೆ’ ಅಂದರೆ ಅರ್ಥವೇ ಬೇರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಸಾರಾಯಿ ಪಾಕೀಟು ಹೋಗಿ ತೊಂಬತ್ತು ಎಂ.ಎಲ್. ಟೆಟ್ರಾ ಪ್ಯಾಕು ಬಂತು. ಜೇಬಿನಲ್ಲಿ ಕೂರುವ ಅಳತೆ. ಲೈಸೆನ್ಸು ಇರೋದು ಪೇಟೆಯ ವೈನ್ ಶಾಪಿಗೆ. ಸಿಗೋದು ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೂ. ಅಲ್ಲಿ ವಯಸ್ಸು ಕೇಳುವವರು ಯಾರು?

ಇದೇ ಸಂಕಟಕ್ಕೆ 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ನಮ್ಮ ಚಿತ್ರದುರ್ಗದಿಂದಲೇ ಬೆಂಗಳೂರಿಗೆ ನಡೆದುಕೊಂಡು ಹೋದರು, ಮದ್ಯ ನಿಲ್ಲಿಸಿ ಅಂತ. ಕಾಲು ಬೊಬ್ಬೆ ಬಂದವು, ಸರ್ಕಾರದ ಖಜಾನೆಗೆ ಕರುಣೆ ಬರಲಿಲ್ಲ. ಪೂರ್ತಿ ನಿಷೇಧ ಆಗಬೇಕೋ ಬೇಡವೋ, ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಆದರೆ ಲೈಸೆನ್ಸಿಲ್ಲದ ಚಿಲ್ಲರೆ ಅಂಗಡಿಯಲ್ಲಿ ಶಾಲೆ ಹುಡುಗನ ಕೈಗೆ ಪ್ಯಾಕು ಸಿಗಬಾರದು ಅನ್ನೋದಕ್ಕೆ ಯಾವ ಚರ್ಚೆ ಬೇಕು? ಅಬಕಾರಿ ಇಲಾಖೆಯ ಜೀಪು ಹಳ್ಳಿ ದಾರಿ ಮರೆತಿದ್ದರೆ ಈ ಸಾಲನ್ನು ದಾರಿ ಸೂಚಕವೆಂದು ತಿಳಿಯಲಿ.

ನಮ್ಮ ಸೀಮೆಗೆ ಹೆಂಡ ದೂರವಿಡುವುದು ಹೊಸ ಪಾಠವೂ ಅಲ್ಲ. ಇಲ್ಲಿನ ಮ್ಯಾಸಬೇಡರಲ್ಲಿ ಹೆಂಡ ಸಾರಾಯಿ ಮುಟ್ಟಬಾರದು ಅನ್ನುವ ಕಟ್ಟು ಹಳೆಯ ಕಾಲದ್ದು. ಪೊಲೀಸು, ಅಬಕಾರಿ ಹುಟ್ಟುವ ಮುಂಚೆ ಕುಲದ ಹಿರಿಯರ ಒಂದು ಮಾತು ಆ ಕೆಲಸ ಮಾಡುತ್ತಿತ್ತು. ಆ ಮಾತಿಗೆ ಬಲ ಇದ್ದದ್ದು ಹಿರಿಯರೂ ಕುಡಿಯುತ್ತಿರಲಿಲ್ಲ ಅನ್ನೋ ಕಾರಣಕ್ಕೆ. ಸಂಜೆ ತಾನು ಪ್ಯಾಕು ಹರಿದು ಬೆಳಿಗ್ಗೆ ಮಗನಿಗೆ ಉಪದೇಶ ಮಾಡುವ ಅಪ್ಪನ ಮಾತಿಗೆ ಆ ಬಲ ಎಲ್ಲಿಂದ ಬರಬೇಕು?

ಬೇಲಿಯಾಚೆಯ ವಿದ್ಯೆ, ಬೇಲಿಯೀಚೆಯ ಹುಡುಗ

ಈಗ ಕುದಾಪುರಕ್ಕೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಗೆ ಇಲ್ಲಿ 1500 ಎಕರೆ ಇದೆ. ಸುತ್ತಮುತ್ತ ಅಣುಶಕ್ತಿಯವರು, ಬಾಹ್ಯಾಕಾಶದವರು, ರಕ್ಷಣಾ ಸಂಶೋಧನೆಯವರು. ದನ ಕುರಿ ಮೇಯುತ್ತಿದ್ದ ಅಮೃತ ಮಹಲ್ ಕಾವಲು ಬೇಲಿಯೊಳಗೆ ಹೋಯ್ತು. ಆ ಬಗ್ಗೆ ಹೋರಾಟ ಆಯ್ತು, ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು. ಆ ಜಗಳ ಈಗ ಕೆದಕೋದಿಲ್ಲ. ಒಳ್ಳೆಯದನ್ನೂ ಹೇಳಬೇಕು: ವಿಜ್ಞಾನ ಸಂಸ್ಥೆಯ ಕುದಾಪುರ ಆವರಣದ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ರಾಜ್ಯದ ಮೂಲೆ ಮೂಲೆಯ ವಿಜ್ಞಾನ, ಗಣಿತದ ಮೇಷ್ಟ್ರುಗಳು ಬಂದು ತರಬೇತಿ ಪಡೆದು ಹೋಗ್ತಾರೆ. ದೊಡ್ಡ ಕೆಲಸ.

ನಮ್ಮ ಕೋರಿಕೆ ಒಂದೇ. ಮೇಷ್ಟ್ರಿಗೆ ಪರಮಾಣುವಿನ ಒಳಗು ತೋರಿಸುವ ಆ ಕೇಂದ್ರದಲ್ಲಿ, ಒಂದು ಅರ್ಧ ದಿನ ಹದಿಹರೆಯದ ತಲೆಯ ಒಳಗನ್ನೂ ತೋರಿಸಲಿ. ನಿಮ್ಹಾನ್ಸ್‌ನವರನ್ನು ಕರೆಸಲಿ. ಯಾಕಂದ್ರೆ ಮೇಲೆ ಹೇಳಿದ ಕಾನ್ರಾಡ್ ಅವರ ವಿಧಾನಕ್ಕೆ ಆಸ್ಪತ್ರೆ ಬೇಡ, ಯಂತ್ರ ಬೇಡ. ಲಂಡನ್ನಿನ ಶಾಲೆಗಳಲ್ಲಿ ಅಲ್ಲಿನ ಸಿಬ್ಬಂದಿಗೇ ತರಬೇತಿ ಕೊಟ್ಟು ನಡೆಸಿದರು. ಮಕ್ಕಳಿಗೆ ಒಂದು ಪ್ರಶ್ನಾವಳಿ. ಅದರ ಮೇಲೆ ನಾಲ್ಕು ಸ್ವಭಾವದವರನ್ನು ಬೇರೆ ಬೇರೆಯಾಗಿ ಕೂರಿಸಿ ಒಂದೂವರೆ ಗಂಟೆಯ ಎರಡೇ ಎರಡು ಪಾಠ. ‘ಕುಡೀಬೇಡ’ ಅನ್ನೋ ಪಾಠವಲ್ಲ. ‘ನಿನ್ನ ಸ್ವಭಾವ ಹೀಗಿದೆ, ಅದು ನಿನ್ನನ್ನು ಎಲ್ಲಿ ಮೇಲೆತ್ತುತ್ತೆ, ಎಲ್ಲಿ ಬೀಳಿಸುತ್ತೆ, ಬೀಳುವ ಗಳಿಗೆಯಲ್ಲಿ ಏನು ಮಾಡ್ತೀಯ’ ಅನ್ನೋದು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ವರ್ಷ ಆದ ಮೇಲೂ ಅಂಥ ಶಾಲೆಗಳ ಮಕ್ಕಳಲ್ಲಿ ಕುಡಿತ ಕಡಿಮೆ ಇತ್ತು. ವಿಶೇಷ ಅಂದರೆ, ಪಾಠಕ್ಕೆ ಕೂರದ ಉಳಿದ ಮಕ್ಕಳಲ್ಲೂ ಕಡಿಮೆಯಾಗಿತ್ತು. ಕುರಿ ಸಾಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕುರಿ ತಿರುಗಿದರೆ ಮಂದೆ ತಿರುಗುತ್ತೆ.

ಲಂಡನ್ನಿನದು ಇಲ್ಲಿಗೆ ಹಾಗೇ ಒಗ್ಗುತ್ತೆ ಅಂತ ನಾವು ಹೇಳೋದಿಲ್ಲ. ಇಲ್ಲಿಯ ಮಾತಲ್ಲಿ, ಇಲ್ಲಿಯ ಉದಾಹರಣೆಯಲ್ಲಿ ಮಾಡಿ ನೋಡಬೇಕು. ಒಂದು ಎಚ್ಚರವೂ ಬೇಕು: ‘ಇವನು ದುಡುಕಿನವನು’ ಅಂತ ಹಣೆಗೆ ಚೀಟಿ ಅಂಟಿಸಿ ಇಡೀ ತರಗತಿಗೆ ಸಾರಿದರೆ ಮದ್ದೇ ರೋಗವಾಗುತ್ತೆ. ಮತ್ತೆ ಟಿ.ಸಿ. ಕೊಟ್ಟು ಕಳಿಸೋದು ಮದ್ದೇ ಅಲ್ಲ. ಶಾಲೆಯಿಂದ ಹೊರಗೆ ಹಾಕಿದ ಹುಡುಗ ಎಲ್ಲಿಗೆ ಹೋಗ್ತಾನೆ? ಅದೇ ಪೆಟ್ಟಿಗೆ ಅಂಗಡಿಗೆ, ಈ ಸಲ ಇಡೀ ದಿನಕ್ಕೆ.

ಮನೆಯವರಿಗೆ, ಬಸ್ಸಿನವರಿಗೆ

ಮಗನ ಜೇಬಲ್ಲಿ ಚೀಟಿ ಸಿಕ್ಕರೆ ಬೆಲ್ಟು ಹುಡುಕಬೇಡಿ. ಹೊಡೆತ ದುಡುಕಿನವನಿಗೆ ಸುಳ್ಳು ಕಲಿಸುತ್ತೆ, ಅಳುಕಿನವನಿಗೆ ಇನ್ನಷ್ಟು ಅಳುಕು ತುಂಬುತ್ತೆ, ಹತಾಶನನ್ನು ಅಂಚಿಗೆ ತಳ್ಳುತ್ತೆ. ಕೂತು ಕೇಳಿ: ಯಾವಾಗ, ಯಾರ ಜೊತೆ, ಆಗ ಮನಸ್ಸಿಗೆ ಹೆಂಗಿತ್ತು. ಉತ್ತರದಲ್ಲೇ ಬಾಗಿಲು ಯಾವುದು ಅಂತ ಗೊತ್ತಾಗುತ್ತೆ.

ಕೈಮೀರಿದೆ ಅನ್ನಿಸಿದರೆ ಮರ್ಯಾದೆಗೆ ಅಂಜಿ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಯಾವ ದಿನ ಸಿಗ್ತಾರೆ ಅಂತ ವಿಚಾರಿಸಿ. ಹೋಗೋಕೆ ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಅದು, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗಾಂಜಾ ವಿಷಯವಾದರೆ ಪೊಲೀಸ್ ಕೇಸಿನ ಭಯ ಇರುತ್ತೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಮುಂದೆ ಬಂದು ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪೂರೈಸುವ ವ್ಯಸನಿಗೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣದಲ್ಲಿ ರಕ್ಷಣೆ ಕೊಡುತ್ತದೆ. ಇದು ಬಹಳ ಜನ ತಂದೆ ತಾಯಿಗೆ ಗೊತ್ತೇ ಇಲ್ಲ.

ಇನ್ನು ಬಸ್ಸಿಗೆ ಕಾಯುವ ನಾವು ನೀವು. ದಿನಾ ನೋಡ್ತೀವಿ, ಮುಖ ತಿರುಗಿಸ್ತೀವಿ. ‘ನಮಗ್ಯಾಕೆ ಊರ ಉಸಾಬರಿ’ ಅಂತೀವಿ. ಬೈಯಬೇಕಾಗಿಲ್ಲ, ಭಾಷಣ ಬೇಕಾಗಿಲ್ಲ. ‘ಏನಪ್ಪಾ, ಯಾವ ಊರು, ಯಾರ ಮಗ?’ ಅಂತ ಕೇಳಿದರೆ ಸಾಕು. ಗುರುತಿನ ಒಂದು ಜೋಡಿ ಕಣ್ಣು ನೋಡ್ತಿದೆ ಅಂದರೆ ಆ ವಯಸ್ಸಿನ ಕೈ ಅರೆಗಳಿಗೆ ತಡೆಯುತ್ತೆ. ಎಷ್ಟೋ ಸಲ ಅರೆಗಳಿಗೆಯೇ ಸಾಕು.

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಲಕ್ಷಾಂತರ ಜನ ಇದೇ ದಾರಿ ಹಿಡೀತಾರೆ. ದುಡಿದಷ್ಟಕ್ಕೆ ತಕ್ಕ ಭಿಕ್ಷೆ ಅಂತ ಬದುಕಿ ಕೆರೆ ಕಟ್ಟಿಸಿದ ಸ್ವಾಮಿ ಅವರು ಅಂತ ಜನ ನಂಬ್ತಾರೆ. ಮಾಡಿದವನಿಗೆ ಮಾಡಿದಷ್ಟು ಸಿಗುತ್ತೆ ಅನ್ನೋ ಆ ನಂಬಿಕೆಯನ್ನು ನಮ್ಮ ಹುಡುಗರಿಗೆ ವಾಪಸು ಕೊಟ್ಟರೆ ಕಾಯೋದನ್ನು ಅವರೇ ಕಲೀತಾರೆ.

ಅಂಗಡಿಯವರಲ್ಲಿ ಕೊನೆಯ ಮಾತು. ಕಾನೂನು ಬರಲಿ ಬಿಡಲಿ, ನಾಳೆ ಬೆಳಿಗ್ಗೆ ಷಟರು ಎತ್ತಿದಾಗ ಆ ಸರವನ್ನು ಮುಂದಿನಿಂದ ತೆಗೆದು ಒಳಗಿಡಿ. ಅದೇ ಮೊಳೆಗೆ ಶೇಂಗಾ ಚಿಕ್ಕಿಯ ಸರ ತೂಗುಹಾಕಿ. ಒಂದು ವಾರ ನೋಡಿ. ಸಂಜೆ ಬಂದ ಹುಡುಗ ‘ಸುಮ್ನೆ’ ಏನು ಕೊಳ್ತಾನೆ ಅನ್ನೋದು ನೀವು ಮೊಳೆಗೆ ಏನು ಹಾಕಿದ್ದೀರಿ ಅನ್ನೋದರ ಮೇಲೆ ನಿಂತಿದೆ.